ಹೊರತೆಗೆದ ಮೇಲೂ ಮೀನಿನ ಹೃದಯ ಮಿಡಿಯುವುದೇಕೆ?

ಹಾರಂಗಿ ಹಿನ್ನೀರಿನಿಂದ ತಂದ ಮೀನನ್ನು ಶುಚಿ ಮಾಡುವಾಗ ಬದಿಗೆ ತೆಗೆದಿಟ್ಟ ಅದರ ಹೃದಯ ತಟ್ಟೆಯಲ್ಲಿ ಕೆಲವು ನಿಮಿಷ ಮಿಡಿಯುತ್ತಲೇ ಇತ್ತು, ಮಿದುಳಿನ ಅಪ್ಪಣೆಯಿಲ್ಲದೆ ಇದು ಹೇಗೆ ಸಾಧ್ಯ, ಮನುಷ್ಯರಲ್ಲೂ ಉಳಿದೆಲ್ಲ ಪ್ರಾಣಿಗಳಲ್ಲೂ ಹೀಗೆಯೇ ಇರುತ್ತದೆಯೇ ಎಂದು ಕೇಳಿದ್ದೀರಿ. ಕೊಡಗಿನ ಕಾಲೇಜೊಂದರಲ್ಲಿ 28 ವರ್ಷ ಪ್ರಾಣಿಶಾಸ್ತ್ರ ಕಲಿಸಿದವನಾಗಿ ಉತ್ತರಿಸುತ್ತೇನೆ. ನೀವು ಕಂಡದ್ದು ಸಾಯುತ್ತಿರುವ ಸ್ನಾಯುವಿನ ಬರಿಯ ನಡುಕವಲ್ಲ, ನಿಜವಾದ ಮಿಡಿತವೇ. ಮೀನು, ಕಪ್ಪೆ, ದನ, ಆನೆ, ಮನುಷ್ಯ ಹೀಗೆ ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಲ್ಲೂ ಮಿಡಿತ ಹುಟ್ಟುವುದು ಹೃದಯದ ಸ್ನಾಯುವಿನಲ್ಲೇ. ಮಿದುಳು ಅದರ ವೇಗವನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ, ಹುಟ್ಟಿಸುವುದಿಲ್ಲ.

ಕಪ್ಪೆಯ ಛೇದನ ಇನ್ನೂ ಪಠ್ಯಕ್ರಮದಲ್ಲಿದ್ದ ಕಾಲದಲ್ಲಿ (ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು) ನಾನು ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿ, ಉಪ್ಪಿನ ದ್ರಾವಣದಲ್ಲಿಟ್ಟ ಹೃದಯವನ್ನು ಸುಮ್ಮನೆ ನೋಡಲು ಹೇಳುತ್ತಿದ್ದೆ. ಮೊದಲು ಹಿಂಬದಿಯ ತೆಳು ಗೋಡೆಯ ಚೀಲ ಕುಗ್ಗುತ್ತದೆ, ಆಮೇಲೆ ಹೃತ್ಕರ್ಣಗಳು, ಕೊನೆಗೆ ಹೃತ್ಕುಕ್ಷಿ; ಹೃತ್ಕುಕ್ಷಿ ರಕ್ತವನ್ನು ಹೊರದಬ್ಬಿದ ಕ್ಷಣ ಬಿಳಚಿಕೊಂಡು ಮತ್ತೆ ಕೆಂಪಾಗುತ್ತದೆ. ಜುಲೈ ತಿಂಗಳ ಚಳಿಯಲ್ಲಿ ಈ ಸರದಿ ನಿಧಾನ. ಉಗುರುಬೆಚ್ಚಗಿನ ದ್ರಾವಣ ಹನಿಸಿದರೆ ನೋಡುತ್ತಿದ್ದಂತೆಯೇ ಚುರುಕಾಗುತ್ತಿತ್ತು. ಹಿಂಬದಿಯ ಆ ಚೀಲಕ್ಕೂ ಹೃತ್ಕರ್ಣಕ್ಕೂ ನಡುವೆ ದಾರ ಬಿಗಿದರೆ ಚೀಲ ಮಿಡಿಯುತ್ತಲೇ ಇರುತ್ತದೆ, ಉಳಿದ ಭಾಗ ಸ್ವಲ್ಪ ಹೊತ್ತು ನಿಂತುಬಿಡುತ್ತದೆ ಎಂಬುದನ್ನು ಜರ್ಮನಿಯ ಸ್ಟಾನಿಯಸ್ 1852ರಲ್ಲೇ ತೋರಿಸಿದ್ದರು.

ಮನುಷ್ಯನಲ್ಲಿ ಆ ಚೀಲದ ಕೆಲಸವನ್ನು ಬಲ ಹೃತ್ಕರ್ಣದಲ್ಲಿ, ಮೇಲಿನಿಂದ ಬರುವ ದೊಡ್ಡ ಅಭಿಧಮನಿ ಸೇರುವಲ್ಲಿರುವ ಎಸ್.ಎ. ನೋಡ್ ಎಂಬ ಸಣ್ಣ ಗಂಟು ವಹಿಸಿಕೊಂಡಿದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಇದನ್ನು ವಿವರಿಸಿದರು. ಇದರ ಜೀವಕೋಶಗಳಿಗೆ ಬಿಡುವೆಂಬುದಿಲ್ಲ. ಒಂದು ಮಿಡಿತ ಮುಗಿದೊಡನೆ ಕೋಶದೊಳಗಿನ ವಿದ್ಯುತ್ ಮಟ್ಟ ಸುಮಾರು ಮೈನಸ್ 60 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಹಾಗೆ ಇಳಿದದ್ದರಿಂದಲೇ ಕೆಲವು ರಂಧ್ರಗಳು ತೆರೆದುಕೊಂಡು ಸೋಡಿಯಂ ಒಳಗೆ ಜಿನುಗತೊಡಗುತ್ತದೆ. ಮಟ್ಟ ಮೆಲ್ಲಗೆ ಏರಿ ಮೈನಸ್ 40ರ ಹತ್ತಿರ ಬಂದಾಗ ಕ್ಯಾಲ್ಸಿಯಂ ನುಗ್ಗುತ್ತದೆ, ಸಂಕೇತ ಹೊರಡುತ್ತದೆ, ಪೊಟ್ಯಾಸಿಯಂ ಹೊರಹೋಗಿ ಮಟ್ಟ ಪುನಃ ಇಳಿಯುತ್ತದೆ. ಮಳೆಗಾಲದಲ್ಲಿ ಹೆಂಚಿನ ಅಂಚಿನಲ್ಲಿ ಹನಿ ದಪ್ಪವಾಗುತ್ತ ಬಂದು ಕಳಚಿ ಬಿದ್ದ ಮರುಕ್ಷಣವೇ ಇನ್ನೊಂದು ಹನಿ ಕೂಡತೊಡಗುವುದನ್ನು ನೋಡಿದ್ದೀರಲ್ಲ, ಹಾಗೆ. ಆ ಸೋಡಿಯಂ ಜಿನುಗುವಿಕೆ 1979ರಲ್ಲಿ ವರದಿಯಾದಾಗ, ಇತರ ಹರಿವುಗಳಿಗೆ ತದ್ವಿರುದ್ಧವಾಗಿ ವರ್ತಿಸುತ್ತಿದ್ದುದರಿಂದ ವಿಜ್ಞಾನಿಗಳು ಅದಕ್ಕೆ ‘ಫನ್ನಿ ಕರೆಂಟ್’ ಎಂದೇ ಹೆಸರಿಟ್ಟರು. ನೀವು ನೋಡಿದ ಮೀನಿನ ಹೃದಯದಲ್ಲೂ ಇಂಥದೇ ಜಿನುಗುವಿಕೆ, ಕೋಶಗಳಲ್ಲಿ ಶಕ್ತಿ ಉಳಿದಿದ್ದಷ್ಟು ಹೊತ್ತು, ನಡೆದಿತ್ತು.

ಎಸ್.ಎ. ನೋಡ್‌ನ ಸಂಕೇತ ಹೃತ್ಕರ್ಣಗಳನ್ನು ದಾಟಿ, ಎ.ವಿ. ನೋಡ್ ಎಂಬ ಇನ್ನೊಂದು ಗಂಟಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಕೆಳಗಿನ ಕೋಣೆಗಳು ತುಂಬಿಕೊಳ್ಳಲು ಆ ತಡೆ ಬೇಕೇ ಬೇಕು. ಈ ದಾರಿ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು ನಾನು ಮನೆಯಲ್ಲೇ ಕಂಡೆ. ಕಾಫಿ ಕಣದಲ್ಲಿ ನನ್ನ ತಾಯಿ ತಲೆಸುತ್ತಿ ಕುಳಿತುಬಿಟ್ಟಾಗ ಕೈ ಹಿಡಿದು ನಾಡಿ ಎಣಿಸಿದೆ, ನಿಮಿಷಕ್ಕೆ 36. ಇಸಿಜಿಯಲ್ಲಿ ಹೃತ್ಕರ್ಣಗಳು ತಮ್ಮ ವೇಗದಲ್ಲಿ, ಹೃತ್ಕುಕ್ಷಿಗಳು ತಮ್ಮದೇ ಬೇರೆ ನಿಧಾನ ಲಯದಲ್ಲಿ ನಡೆಯುತ್ತಿದ್ದುದು ಸ್ಪಷ್ಟವಾಗಿತ್ತು. ಮೇಲಿನ ಸಂಕೇತ ಬಾರದಿದ್ದಾಗ ಕೆಳಗಿನ ಕೋಶಗಳು ಸುಮ್ಮನಾಗದೆ ತಾವೇ ಮಿಡಿಸುವ ಹೊಣೆ ಹೊತ್ತಿದ್ದವು. ಪೇಸ್‌ಮೇಕರ್ ಅಳವಡಿಸುವವರೆಗೆ ಅವರನ್ನು ಉಳಿಸಿದ್ದು ಆ ಲಯವೇ. ಇಷ್ಟು ವರ್ಷ ಪಾಠ ಮಾಡಿದ್ದರೂ ಅದರ ಬೆಲೆ ನನಗೆ ತಿಳಿದದ್ದು ಅಂದು.

ಇನ್ನು ನಿಯಂತ್ರಣದ ಮಾತು. ಎಸ್.ಎ. ನೋಡನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಸುತ್ತದೆ. ಸುಮ್ಮನೆ ಕುಳಿತಾಗ ನಮ್ಮ ನಾಡಿ 70ರ ಆಸುಪಾಸಿನಲ್ಲಿರುವುದು ಮಿದುಳಿನಿಂದ ಇಳಿದು ಬರುವ ವೇಗಸ್ ನರ ಸದಾ ಲಗಾಮು ಹಿಡಿದಿರುವುದರಿಂದ. ತೋಟದ ಏರು ಹತ್ತತೊಡಗಿದರೆ ಮೊದಲು ಈ ಲಗಾಮು ಸಡಿಲವಾಗುತ್ತದೆ, ಬಳಿಕ ಸಿಂಪಥೆಟಿಕ್ ನರಗಳೂ ಅಡ್ರಿನಲಿನ್ ಹಾರ್ಮೋನೂ ವೇಗ ಏರಿಸುತ್ತವೆ. ಕಸಿ ಮಾಡಿದ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ. ಆದ್ದರಿಂದ ಅದು ವಿಶ್ರಾಂತಿಯಲ್ಲೂ ವೇಗವಾಗಿ ಮಿಡಿಯುತ್ತದೆ, ಏರು ಹತ್ತುವಾಗ ರಕ್ತದಲ್ಲಿ ಅಡ್ರಿನಲಿನ್ ಬಂದು ತಲುಪುವವರೆಗೆ ತಡವರಿಸುತ್ತದೆ. ಲಗಾಮಿನ ಕೆಲಸವನ್ನು ಕಣ್ಣಾರೆ ಕಾಣಬೇಕಿದ್ದರೆ ಅಂಗಳದಲ್ಲಿ ಮಲಗಿರುವ ನಾಯಿಯ ಎದೆಯ ಎಡಬದಿಗೆ ಅಂಗೈ ಇಡಿ: ಉಸಿರು ಒಳಗೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಅದು ರೋಗವಲ್ಲ, ಆರೋಗ್ಯದ ಲಕ್ಷಣ.

ಪ್ರಾಣಿ ದೊಡ್ಡದಾದಷ್ಟೂ ಸಾಮಾನ್ಯವಾಗಿ ಬಡಿತ ನಿಧಾನ. ಇಲಿಮರಿಯಷ್ಟು ಸಣ್ಣ ಜೀವಿಗೆ ನಿಮಿಷಕ್ಕೆ ನೂರಾರು ಸಲ ಬಡಿದರೆ, ದುಬಾರೆಯ ಶಿಬಿರದಲ್ಲಿ ಕಾಣುವಂಥ ಆನೆಗೆ ಸುಮಾರು 30.

ಎಲ್ಲ ಪ್ರಾಣಿಗಳಲ್ಲೂ ಹೀಗೆಯೇ ಎಂಬ ನಿಮ್ಮ ಪ್ರಶ್ನೆಗೆ ಮಾತ್ರ ಇಲ್ಲ ಎನ್ನಬೇಕು, ಅದಕ್ಕೆ ಉದಾಹರಣೆ ನಮ್ಮ ಗದ್ದೆಯ ಬದುವಿನಲ್ಲೇ ಇದೆ. ಏಡಿಗಳ ಹೃದಯದ ಸ್ನಾಯು ತಾನಾಗಿ ಲಯ ಹಿಡಿಯುವುದಿಲ್ಲ. ಹೃದಯಕ್ಕೇ ಅಂಟಿಕೊಂಡಿರುವ, ಏಡಿಯಲ್ಲಿ ಕೇವಲ 9 ನರಕೋಶಗಳ ಸಣ್ಣದೊಂದು ನರಗಂಟು ಪ್ರತಿ ಮಿಡಿತಕ್ಕೂ ಆಜ್ಞೆ ಕೊಡುತ್ತದೆ. ಹಾಗಾಗಿ ಏಡಿಯ ಹೃದಯವನ್ನೂ ಹೊರತೆಗೆದಿಟ್ಟರೆ ನಿಮ್ಮ ತಟ್ಟೆಯ ಮೀನಿನದರಂತೆಯೇ ಸ್ವಲ್ಪ ಹೊತ್ತು ಮಿಡಿಯಬಹುದು. ಆದರೆ ಆ ನರಗಂಟನ್ನು ಬಿಡಿಸಿ ತೆಗೆದರೆ ಮಿಡಿತ ಅಲ್ಲಿಗೇ ನಿಲ್ಲುತ್ತದೆ.