ಮನೆ ಊಟದ ಥರದ ಚೈನೀಸ್, ಕೈಗೆಟುಕೋ ರೇಟಲ್ಲಿ: ಎಲ್ಲಿ ಹುಡುಕೋದು, ಏನು ಆರ್ಡರ್ ಮಾಡೋದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಸುಮಾರು ಒಂದೇ ವಿಷಯದ ಸುತ್ತ ಇವೆ. ಚೈನೀಸ್ ಊಟ, ಅದೂ ಪಾರ್ಟಿಗೆ ಹೋಗೋ ದೊಡ್ಡ ಜಾಗದ್ದಲ್ಲ, ಚೀನೀ ಮನೆಗಳಲ್ಲಿ ದಿನಾ ಒಲೆ ಮೇಲೆ ಆಗೋ ಥರದ್ದು, ಜೇಬಿಗೂ ಭಾರ ಆಗ್ಬಾರ್ದು. ಅದಕ್ಕೆ ಎಲ್ಲಾ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಮೇಡಂ, ನಮ್ಮ ಏರಿಯಾ ಸುತ್ತಮುತ್ತ ಐದಾರು ಚೈನೀಸ್ ರೆಸ್ಟೋರೆಂಟ್ ಇವೆ. ಎಲ್ಲಾ ಕಡೆ ಅದೇ ಸ್ವೀಟ್ ಅಂಡ್ ಸೋರ್, ಅದೇ ಫ್ರೈಡ್ ರೈಸ್, ಅದೇ ಸ್ಪ್ರಿಂಗ್ ರೋಲ್. ಚೀನಾದವರು ಮನೇಲಿ ಇದನ್ನೇ ತಿಂತಾರಾ? ಮನೆ ರುಚಿ ಸಿಗೋ ಜಾಗ ಗುರುತಿಸೋದು ಹೇಗೆ?

ಉತ್ತರ: ದಿನಾ ಇದನ್ನ ಯಾರೂ ತಿನ್ನಲ್ಲ. ಅವರ ಮನೆ ಊಟ ಅಂದ್ರೆ ದಕ್ಷಿಣದ ಕಡೆ ಬಿಳಿ ಅನ್ನ, ಉತ್ತರದ ಕಡೆ ನೂಡಲ್ಸೋ ಹಬೆಯಲ್ಲಿ ಬೇಯಿಸಿದ ಬನ್ನೋ, ಅದರ ಜೊತೆ ಎಲ್ಲರೂ ಹಂಚಿಕೊಳ್ಳೋ ಎರಡ್ಮೂರು ಐಟಂ, ಒಂದು ತೆಳು ಸೂಪು. ಅದ್ರಲ್ಲಿ ಒಂದು ಸೊಪ್ಪು, ಒಂದು ತೋಫು ಅಥವಾ ಮೊಟ್ಟೆ, ಒಂದು ಸ್ವಲ್ಪ ಮಾಂಸ ಹಾಕಿದ್ದು. ಈ ಲೆಕ್ಕ ತಲೇಲಿ ಇಟ್ಕೊಂಡು ಮೆನು ನೋಡಿ, ಅರ್ಧ ಕೆಲಸ ಅಲ್ಲೇ ಆಗೋಗತ್ತೆ.

ಎಲ್ಲಾ ಕಡೆ ಒಂದೇ ಮೆನು ಯಾಕೆ ಅನ್ನೋದಕ್ಕೆ ಇತಿಹಾಸ ಇದೆ. ಅಮೆರಿಕದ್ದೇ ನೋಡಿ, 1882ರ ಕಾನೂನು ಚೀನೀ ಕೂಲಿಕಾರರು ಬರೋದನ್ನೇ ನಿಲ್ಲಿಸ್ತು, ವ್ಯಾಪಾರಿಗಳಿಗೆ ಅಡ್ಡಿ ಇರ್ಲಿಲ್ಲ, ಆಮೇಲೆ 1915ರಲ್ಲಿ ಕೋರ್ಟು ರೆಸ್ಟೋರೆಂಟ್ ಮಾಲೀಕರನ್ನೂ ವ್ಯಾಪಾರಿಗಳ ಲೆಕ್ಕಕ್ಕೆ ಸೇರಿಸಿದ್ಮೇಲೆ ಆ ದಾರೀಲಿ ಬಂದು ಹೊಟ್ಟೆಪಾಡಿಗೆ ಅಡುಗೆ ಹಿಡಿದವರು ತುಂಬಾ ಜನ, ಎದುರಿಗಿದ್ದ ಗಿರಾಕಿಗೆ ಸಿಹಿ ಬೇಕು ಕರಿದಿದ್ದು ಬೇಕು ಅಂದ್ರೆ ಅದನ್ನೇ ಮಾಡಿಕೊಟ್ರು. 1965ರಲ್ಲಿ ವಲಸೆ ಕಾನೂನು ಸಡಿಲ ಆದ್ಮೇಲೆ ಹಾಂಗ್‌ಕಾಂಗ್, ತೈವಾನ್, ಆಮೇಲೆ ಫೂಜಿಯಾನ್, ಸಿಚುವಾನ್, ಈಶಾನ್ಯ ಚೀನಾ ಎಲ್ಲಾ ಕಡೆಯಿಂದ ಅಡುಗೆಯವರು ಬಂದ್ರು. ಆದ್ರೆ ಗಿರಾಕಿ ಮುಂದಿಡೋ ಮೆನು ಹಳೇದೇ ಉಳೀತು, ಯಾಕಂದ್ರೆ ಅದು ಮಾರಾಟ ಆಗತ್ತೆ. ಹಾಗಾಗಿ ಎಷ್ಟೋ ಕಡೆ ಅಡುಗೆಮನೇಲಿ ನಿಂತಿರೋ ವ್ಯಕ್ತಿಗೆ ಬರೋ ಅಡುಗೆಗೂ ನಿಮ್ಮ ಕೈಗೆ ಕೊಟ್ಟಿರೋ ಲ್ಯಾಮಿನೇಟ್ ಕಾರ್ಡಿಗೂ ಸಂಬಂಧಾನೇ ಇರಲ್ಲ, ಮನೆ ಅಡುಗೆ ಅದೇ ಕಟ್ಟಡದೊಳಗೇ ಇರತ್ತೆ, ನಾವು ಕೇಳ್ಬೇಕು ಅಷ್ಟೇ.

ಒಳಗೆ ಹೋದ ತಕ್ಷಣ ಕೂರೋಕೆ ಮುಂಚೆ ಗೋಡೆ ನೋಡಿ. ಕ್ಯಾಶ್ ಕೌಂಟರ್ ಪಕ್ಕ ಕೈಯಲ್ಲಿ ಚೀನೀ ಲಿಪಿ ಬರೆದಿರೋ ಬಣ್ಣದ ಕಾಗದ ಟೇಪ್ ಹಾಕಿ ಅಂಟಿಸಿದ್ರೆ, ಅಥವಾ ವೈಟ್‌ಬೋರ್ಡಲ್ಲಿ ಬರೆದು ಅಳಿಸಿ ಮತ್ತೆ ಬರೆದಿದ್ರೆ, ಅದು ಇವತ್ತಿನ ಅಡುಗೆ, ಅವತ್ತು ಮಾರ್ಕೆಟ್ಟಲ್ಲಿ ಸಿಕ್ಕ ಸೊಪ್ಪು ಮೀನು ಅದ್ರಲ್ಲೇ ಇರೋದು. ಫೋನಲ್ಲಿ ಫೋಟೋ ತೆಗೆದು ಟ್ರಾನ್ಸ್‌ಲೇಟ್ ಹಾಕಿ, ಅನುವಾದ ವಿಚಿತ್ರವಾಗಿ ಬರತ್ತೆ ಆದ್ರೆ ಬದನೆಕಾಯಿ, ತೋಫು, ಪಕ್ಕೆಲುಬು ಅನ್ನೋಷ್ಟು ಗೊತ್ತಾಗತ್ತೆ. ಆಮೇಲೆ ಬೇರೆ ಟೇಬಲ್ ಮೇಲೆ ಏನಿದೆ ನೋಡಿ. ವಯಸ್ಸಾದ ದಂಪತಿ ಕೂತಿದ್ದು ಮಧ್ಯದಲ್ಲಿ ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಒಂದು ತಟ್ಟೆ ಸೊಪ್ಪು, ಇಬ್ಬರ ಕೈಯಲ್ಲೂ ಅನ್ನದ ಬಟ್ಟಲು ಇದ್ರೆ ಅದಕ್ಕಿಂತ ಒಳ್ಳೆ ರಿವ್ಯೂ ಬೇಡ. ಸರ್ವ್ ಮಾಡೋರಿಗೆ ಅದನ್ನ ತೋರಿಸಿ ಇದು ಬೇಕು ಅನ್ನಿ, ಇದ್ರಲ್ಲಿ ಸಂಕೋಚ ಏನೂ ಬೇಡ, ಅವರಿಗೆ ಖುಷೀನೇ ಆಗತ್ತೆ.

ಜಾಗದ ವಿಷಯಕ್ಕೆ ಬಂದ್ರೆ, ಊರ ಮಧ್ಯ ಟೂರಿಸ್ಟ್ ಓಡಾಡೋ ಹಳೇ ಚೈನಾಟೌನ್ ಒಂದನ್ನೇ ನಂಬ್ಕೋಬೇಡಿ. ಜನ ವಾಸ ಇರೋ ಕಡೆ ಊಟಾನೂ ಹೋಗಿದೆ. ಲಾಸ್ ಏಂಜಲಿಸ್ ಹತ್ರ ಮಾಂಟೆರೆ ಪಾರ್ಕ್, ನ್ಯೂಯಾರ್ಕಲ್ಲಿ ಫ್ಲಶಿಂಗ್, ವ್ಯಾಂಕೂವರ್ ಪಕ್ಕದ ರಿಚ್ಮಂಡ್, ಮೆಲ್ಬರ್ನಿನ ಬಾಕ್ಸ್ ಹಿಲ್, ಇವೆಲ್ಲಾ ಊರ ಮಧ್ಯದಿಂದ ದೂರ ಇರೋ ಕಡೆಗಳೇ. ನಿಮ್ಮ ಊರು ಯಾವುದೇ ಇರ್ಲಿ, ಚೀನೀ ದಿನಸಿ ಅಂಗಡಿ ಎಲ್ಲಿದೆ ನೋಡಿ, ಅದರ ಅಕ್ಕಪಕ್ಕ ನಡೀರಿ. ಚೀನೀ ಸ್ಟೂಡೆಂಟ್ಸ್ ಜಾಸ್ತಿ ಇರೋ ಯೂನಿವರ್ಸಿಟಿ ಹಿಂದಿನ ರಸ್ತೆನೂ ಅಷ್ಟೇ, ಅಲ್ಲಿ ರೇಟು ಏರಿಸಿದ್ರೆ ಗಿರಾಕಿ ಬರಲ್ಲ. ಮ್ಯಾಪಲ್ಲಿ ಹುಡುಕುವಾಗ ಡಿಶ್ ಹೆಸರನ್ನ ಚೀನೀ ಲಿಪೀಲಿ ಕಾಪಿ ಮಾಡಿ ಹಾಕಿ, ಇಂಗ್ಲಿಷಲ್ಲಿ ಹಾಕಿದ್ರೆ ಬರೋ ಜಾಗಗಳೇ ಬೇರೆ, ಇದ್ರಲ್ಲಿ ಬರೋದೇ ಬೇರೆ. ಶಿಯಾವ್‌ಹೋಂಗ್‌ಶೂ ಆ್ಯಪಲ್ಲಿ ಹೊರದೇಶದ ಊರುಗಳಲ್ಲಿರೋ ಚೀನೀ ಹುಡುಗ್ರು ಊಟದ ಫೋಟೋ ಹಾಕ್ತಿರ್ತಾರೆ, ಅದನ್ನೂ ನೋಡಿ. ಸ್ಟಾರ್ ರೇಟಿಂಗಿಗೆ ನಾನು ಜಾಸ್ತಿ ಬೆಲೆ ಕೊಡಲ್ಲ, ನಗ್ತಾ ಮಾತಾಡಿಸ್ಲಿಲ್ಲ ಅಂತ ಸ್ಟಾರ್ ಕಡಿಮೆ ಮಾಡಿರ್ತಾರೆ, ಗಿರಾಕಿಗಳು ಹಾಕಿರೋ ಫೋಟೋ ನೋಡಿ ಸಾಕು.

ಪ್ರಶ್ನೆ: ಮೊದಲ ಸಲ ಹೋದಾಗ ಅಡುಗೆಯವರ ಕೈ ಹೇಗಿದೆ ಅಂತ ಟೆಸ್ಟ್ ಮಾಡೋಕೆ ಏನು ಆರ್ಡರ್ ಮಾಡ್ಬೇಕು? ಕಾಸ್ಟ್ಲಿ ಐಟಂ ತಗೊಂಡು ಮೋಸ ಹೋಗೋಕೆ ಇಷ್ಟ ಇಲ್ಲ.

ಉತ್ತರ: ಟೊಮೆಟೊ ಮೊಟ್ಟೆ. ಚೀನೀ ಮನೆಗಳಲ್ಲಿ ಮಕ್ಕಳು ಮೊದಲು ಕಲಿಯೋ ಅಡುಗೆಗಳಲ್ಲಿ ಇದೊಂದು, ಸಾಮಾನು ಎರಡೇ, ಅದಕ್ಕೇ ತಪ್ಪು ಮುಚ್ಚಿಡೋಕೆ ಆಗಲ್ಲ. ಮೊಟ್ಟೆ ದೊಡ್ಡ ದೊಡ್ಡ ಮೆತ್ತನೆ ತುಂಡಾಗಿ ಇರ್ಬೇಕು, ಪುಡಿಪುಡಿ ಆಗಿದ್ರೆ ಬಾಣಲೇಲಿ ಜಾಸ್ತಿ ಹೊತ್ತು ಬಿಟ್ಟಿದಾರೆ ಅಂತ. ಟೊಮೆಟೊ ಅರ್ಧ ಕರಗಿ ರಸ ಬಿಟ್ಟಿರ್ಬೇಕು, ಇನ್ನರ್ಧ ಕಣ್ಣಿಗೆ ಕಾಣ್ಬೇಕು, ಆ ರಸಕ್ಕೆ ಚೂರು ಸಕ್ಕರೆ ಉಪ್ಪು ಬಿದ್ದು ಹುಳಿ ಹದ ಆಗಿರ್ಬೇಕು. ತಟ್ಟೆ ತಳದಲ್ಲಿ ಉಳಿದ ಆ ಕೆಂಪು ರಸನ ಅನ್ನದ ಮೇಲೆ ಸುರ್ಕೊಂಡಾಗ ಅನ್ನ ತಾನೇ ಖಾಲಿ ಆದ್ರೆ ಆ ಜಾಗಕ್ಕೆ ಮತ್ತೆ ಹೋಗಿ. ಕಾರ್ನ್‌ಫ್ಲೋರ್ ಹಾಕಿ ಗಂಜಿ ಥರ ಗಟ್ಟಿ ಮಾಡಿದ್ರೆ, ಕೆಚಪ್ ವಾಸನೆ ಬಂದ್ರೆ, ಬೇಡ.

ಇನ್ನೊಂದು ಆಲೂಗಡ್ಡೆ ಎಳೆ. ಕಡ್ಡಿ ಥರ ಸಣ್ಣಗೆ ಹೆಚ್ಚಿ, ನೀರಲ್ಲಿ ತೊಳೆದು ಪಿಷ್ಟ ತೆಗೆದು, ಒಣಮೆಣಸಿನಕಾಯಿ ವಿನಿಗರ್ ಹಾಕಿ ಜೋರು ಉರೀಲಿ ಒಂದೆರಡು ನಿಮಿಷ ಆಡಿಸಿ ತೆಗೀತಾರೆ. ಬಾಯಲ್ಲಿ ಕರುಂ ಅನ್ನತ್ತೆ, ಮೆತ್ತಗಾಗಿರಬಾರ್ದು, ಆದ್ರೆ ಹಸಿ ಹಸಿ ಅಂತಾನೂ ಅನ್ನಿಸಬಾರ್ದು. ಚಾಕುವಿನ ಕೆಲಸ, ಬೆಂಕಿ ಹಿಡಿತ ಎರಡೂ ಒಂದೇ ತಟ್ಟೇಲಿ ಗೊತ್ತಾಗತ್ತೆ, ರೇಟು ನೋಡಿದ್ರೆ ಮೆನುವಲ್ಲಿ ಕಡಿಮೆ ಇರೋ ಸಾಲಲ್ಲೇ ಇರತ್ತೆ.

ಪ್ರಶ್ನೆ: ನಾವು ನಾಲ್ಕು ಜನ. ಹೋದಾಗೆಲ್ಲಾ ಬಿಲ್ ಜಾಸ್ತಿ ಆಗತ್ತೆ, ಹೊಟ್ಟೇನೂ ಸರಿಯಾಗಿ ತುಂಬಲ್ಲ. ಎಲ್ಲಿ ತಪ್ಪಾಗ್ತಿದೆ?

ಉತ್ತರ: ತಲಾ ಒಂದೊಂದು ಮೇನ್ ಡಿಶ್, ಅದ್ರ ಮೇಲೆ ಸ್ಟಾರ್ಟರ್, ಮೇಲೊಂದು ಫ್ರೈಡ್ ರೈಸ್ ತಗೊಳ್ತಿದೀರಿ ಅನ್ಸತ್ತೆ. ನಾಲ್ಕು ಜನಕ್ಕೆ ಮೂರು ಡಿಶ್, ಒಂದು ಸೂಪು, ಎಲ್ಲರಿಗೂ ಬಿಳಿ ಅನ್ನ. ಅಷ್ಟೇ ಸಾಕು. ಮಾಂಸದ್ದು ಒಂದೇ ಇರ್ಲಿ, ಉಳಿದಿದ್ದು ತೋಫು ಮತ್ತೆ ತರಕಾರಿ. ಬೆಲೆ ಏರೋದು ಜೀವಂತ ಮೀನು ಏಡಿ, ಬಟಾಣಿ ಗಿಡದ ಚಿಗುರು, ದನದ ಮಾಂಸ ಇಂಥದ್ರಿಂದ, ಮೆನುವಲ್ಲಿ ಬೆಲೆ ಬರೀದೆ ಮಾರ್ಕೆಟ್ ಪ್ರೈಸ್ ಅಂತ ಇದ್ರೆ ಆರ್ಡರ್ ಮಾಡೋಕೆ ಮುಂಚೆನೇ ಎಷ್ಟು ಅಂತ ಕೇಳ್ಬಿಡಿ. ಸೊಪ್ಪಲ್ಲಿ ಅಗ್ಗದ್ದು ಬೊಕ್ ಚಾಯ್, ಎಲೆಕೋಸು, ಮತ್ತೆ ನೀರಲ್ಲಿ ಬೆಳೆಯೋ ಟೊಳ್ಳು ದಂಟಿನ ಸೊಪ್ಪು ಒಂದಿದೆ, ಬೆಳ್ಳುಳ್ಳಿ ಹಾಕಿ ಹುರಿದು ಕೊಡ್ತಾರೆ, ಸೀಸನಲ್ಲಿ ಬಲು ಚೆನ್ನಾಗಿರತ್ತೆ.

ಮಾಪೋ ತೋಫು ಇಂಥ ಊಟಕ್ಕೆ ಹೇಳಿ ಮಾಡಿಸಿದ್ದು. ಸಿಚುವಾನಿನ ಚೆಂಗ್ಡು ಊರಿನ ಡಿಶ್ ಇದು, ಅವರೆ ಜಾತಿಯ ಕಾಳಿನ ಜೊತೆ ಮೆಣಸಿನಕಾಯಿ ಸೇರಿಸಿ ಹುದುಗಿಸಿ ಮಾಗಿಸಿದ ಪೇಸ್ಟು, ನಾಲಿಗೆ ಜುಮ್ ಅನ್ನಿಸೋ ಸಿಚುವಾನ್ ಪೆಪ್ಪರ್, ಚೂರೇ ಚೂರು ಕೀಮಾ. ಖಾರ ಉಪ್ಪು ಎರಡೂ ಗಟ್ಟಿ, ಆದ್ರಿಂದ ಸ್ವಲ್ಪದ್ರಲ್ಲೇ ತುಂಬಾ ಅನ್ನ ಇಳಿಯತ್ತೆ. ಬರೀ ತೋಫುನೇ ಚಮಚದಲ್ಲಿ ತಿಂದು ಜಾಸ್ತಿ ಖಾರ ಅನ್ನೋರಿಗೆ ನನ್ನ ಮಾತು ಇಷ್ಟೇ, ಅನ್ನ ತಗೊಳ್ಳಿ, ಅದು ಅನ್ನಕ್ಕೆ ಅಂತಾನೇ ಮಾಡಿರೋದು.

ಬಿಲ್ಲಲ್ಲಿ ಟೀ, ಅನ್ನ ಎರಡಕ್ಕೂ ಬೇರೆ ದುಡ್ಡು ಹಾಕೋ ಜಾಗಗಳಿವೆ, ಹಾಂಗ್‌ಕಾಂಗ್ ಕಡೆ ಕೆಲವು ಹೋಟೆಲಲ್ಲಿ ಕೂತ ತಕ್ಷಣ ತಂದಿಡೋ ಕಡಲೆಕಾಯಿ, ಉಪ್ಪಿನಕಾಯಿಗೂ ಹಾಕ್ತಾರೆ. ಬೇಡ ಅಂದ್ರೆ ತಗೊಂಡು ಹೋಗ್ತಾರೆ. ಮಧ್ಯಾಹ್ನದ ಲಂಚ್ ಸ್ಪೆಷಲ್ ಇದ್ದಲ್ಲಿ ರಾತ್ರಿ ಬದ್ಲು ಮಧ್ಯಾಹ್ನನೇ ಹೋಗಿ, ಅದೇ ಅಡುಗೆ ಕಡಿಮೆಗೆ ಸಿಗತ್ತೆ, ಎಷ್ಟೋ ಕಡೆ ಸೂಪೂ ಸೇರಿರತ್ತೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ತೋಫು, ತರಕಾರಿ ಅಂತ ನಂಬಿ ತರಿಸ್ತೀವಿ, ಒಳಗೆ ಏನೋ ಸಣ್ಣ ಸಣ್ಣ ತುಂಡು ಸಿಗತ್ತೆ. ಧೈರ್ಯವಾಗಿ ತಿನ್ನೋಕೆ ದಾರಿ ಇದೆಯಾ?

ಉತ್ತರ: ನಿಮ್ಮ ಅನುಮಾನ ಸರಿ. ಚೀನೀ ಮನೆ ಅಡುಗೇಲಿ ಮಾಂಸನ ಎಷ್ಟೋ ಸಲ ರುಚಿಗೆ ಹಾಕೋ ಮಸಾಲೆ ಥರ ಬಳಸ್ತಾರೆ, ಹುರಿದ ಬೀನ್ಸಿಗೆ ಒಂದು ಹಿಡಿ ಹಂದಿ ಕೀಮಾ, ಎಲೆಕೋಸಿಗೆ ಒಣಗಿಸಿದ ಸಣ್ಣ ಸೀಗಡಿ, ಸೊಪ್ಪಿನ ಮೇಲೆ ಸಮುದ್ರದ ಸಿಂಪಿಯಿಂದ ಮಾಡೋ ಆಯ್ಸ್ಟರ್ ಸಾಸ್, ಬಿಳೀ ಕಾಣೋ ಸೂಪಿಗೆ ಕೋಳಿ ಮೂಳೆ ನೀರು. ಯೂಶಿಯಾಂಗ್ ಬದನೆಕಾಯಿ ಅನ್ನೋದನ್ನ ಮೆನುವಲ್ಲಿ ಮೀನಿನ ಪರಿಮಳದ ಬದನೆ ಅಂತ ಬರೆದಿರ್ತಾರೆ, ಅದ್ರಲ್ಲಿ ಮೀನು ಇರಲ್ಲ, ಶುಂಠಿ ಬೆಳ್ಳುಳ್ಳಿ ಉಪ್ಪಿಟ್ಟ ಮೆಣಸಿನಕಾಯಿ ಸಕ್ಕರೆ ವಿನಿಗರ್ ಸೇರಿದ ಸಾಸ್ ಅದು, ಆದ್ರೆ ಕೀಮಾ ಇರೋ ಚಾನ್ಸ್ ಜಾಸ್ತಿ. ಹಾಗಾಗಿ ನಾನು ವೆಜಿಟೇರಿಯನ್ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಸಾಲದು, ಮಾಂಸದ ತುಂಡು ಬೇಡ ಅಂತ ಮಾತ್ರ ಅರ್ಥ ಮಾಡ್ಕೊಳ್ಳೋರೂ ಇದಾರೆ. ಫೋನಲ್ಲಿ ಚೀನೀ ಲಿಪೀಲಿ ಬರೆದಿಟ್ಕೊಳ್ಳಿ: ಕೀಮಾ ಬೇಡ, ಮೀನು ಸೀಗಡಿ ಬೇಡ, ಆಯ್ಸ್ಟರ್ ಸಾಸ್ ಬೇಡ, ಕೋಳಿ ಪುಡಿ ಬೇಡ, ಹಂದಿ ಕೊಬ್ಬು ಬೇಡ. ಅದನ್ನ ತೋರಿಸಿದ್ರೆ ಮಾತಿನ ಗೊಂದಲ ಇರಲ್ಲ.

ಇದಕ್ಕಿಂತ ನೆಮ್ಮದಿಯ ದಾರಿ ಅಂದ್ರೆ ಬೌದ್ಧ ಸಸ್ಯಾಹಾರಿ ರೆಸ್ಟೋರೆಂಟು. ಮಾಂಸ ಮೀನು ಇರಲ್ಲ, ಪದ್ಧತಿ ಕಟ್ಟುನಿಟ್ಟಾಗಿ ಪಾಲಿಸೋ ಕಡೆ ಈರುಳ್ಳಿ ಬೆಳ್ಳುಳ್ಳೀನೂ ಮುಟ್ಟಲ್ಲ. ಗೋಧಿ ಅಂಟಿಂದ, ಸೋಯಾದಿಂದ ಮಾಡಿದ ಮಾಂಸದ ಹಾಗೆ ಕಾಣೋ ಐಟಂ ನೋಡಿ ಗಾಬರಿ ಆಗ್ಬೇಡಿ. ಮೊಟ್ಟೆ ತಿನ್ನದವರು ಮೊಟ್ಟೆ ಇದೆಯಾ ಅಂತ ಒಂದು ಮಾತು ಕೇಳಿ, ಕೆಲವು ಕಡೆ ಬಳಸ್ತಾರೆ. ಚಾಂದ್ರಮಾನದ ತಿಂಗಳ 1ನೇ ಮತ್ತೆ 15ನೇ ದಿನ ತುಂಬಾ ಬೌದ್ಧರು ಮಾಂಸ ಬಿಡ್ತಾರೆ, ಆ ದಿನ ಇಂಥ ಕಡೆ ರಶ್ ಇರತ್ತೆ, ಬೇಗ ಹೋಗಿ. ಮಾಮೂಲಿ ರೆಸ್ಟೋರೆಂಟಲ್ಲಿ ಕೇಳಿ ನೋಡ್ಬಹುದಾದ ಇನ್ನೊಂದು ಡಿಶ್ ದೀ ಸಾನ್ ಶಿಯೆನ್, ಈಶಾನ್ಯ ಚೀನಾದ್ದು, ಆಲೂಗಡ್ಡೆ ಬದನೆಕಾಯಿ ದೊಣ್ಣೆಮೆಣಸಿನಕಾಯಿ ಕರಿದು ಸೋಯಾ ಸಾಸಲ್ಲಿ ಆಡಿಸೋದು. ಎಣ್ಣೆ ಜಾಸ್ತಿ, ಆದ್ರೆ ಹೊಟ್ಟೆ ತುಂಬತ್ತೆ.

ಪ್ರಶ್ನೆ: ಹಂದಿ ಮಾತ್ರ ತಿನ್ನಲ್ಲ ಅನ್ನೋರಿಗೆ?

ಉತ್ತರ: ವಾಯವ್ಯ ಚೀನಾದ ಲಾಂಝೋ ಊರಿನ ಬೀಫ್ ನೂಡಲ್ ಮಾಡೋ ಅಂಗಡಿ ಹುಡುಕಿ, ಕೈಯಲ್ಲೇ ಎಳೆದು ಮಾಡೋ ನೂಡಲ್ಸು. ಚೀನೀ ಮುಸ್ಲಿಮರ ಪರಂಪರೆಯ ಅಡುಗೆ ಇದು, ಹಲಾಲ್ ಬೋರ್ಡ್ ಇದ್ರೆ ಹಂದಿ ಇರಲ್ಲ. ತಿಳಿ ಸೂಪು, ಬಿಳಿ ಮೂಲಂಗಿ ಬಿಲ್ಲೆ, ಮೇಲೆ ಕೆಂಪು ಮೆಣಸಿನೆಣ್ಣೆ, ಹಸಿರು ಕೊತ್ತಂಬರಿ. ನೂಡಲ್ಸ್ ಎಷ್ಟು ದಪ್ಪ ಬೇಕು ಅಂತ ಕೇಳ್ತಾರೆ, ಮೊದಲ ಸಲ ಸಣ್ಣದೇ ತಗೊಳ್ಳಿ.

ಪ್ರಶ್ನೆ: ಅಜಿನೊಮೊಟೊ ಹಾಕ್ತಾರೆ ಅಂತ ಮನೇಲಿ ಭಯ.

ಉತ್ತರ: ಚೈನೀಸ್ ಊಟ ಆದ್ಮೇಲೆ ಜೋಮು ಹಿಡಿಯತ್ತೆ, ಎದೆ ಬಡಿತ ಜೋರಾಗತ್ತೆ ಅಂತ 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಬಂದ ಒಂದು ಪತ್ರದಿಂದ ಈ ಭಯ ಹಬ್ಬಿತು. ಆಮೇಲೆ ಯಾರಿಗೆ ಏನು ಕೊಟ್ಟಿದಾರೆ ಅಂತ ತಿಳಿಸದೆ ಮಾಡಿದ ಪರೀಕ್ಷೆಗಳಲ್ಲಿ ಅದೇ ತೊಂದ್ರೆ ಖಚಿತವಾಗಿ ಮತ್ತೆ ಮತ್ತೆ ಕಾಣಿಸ್ಲಿಲ್ಲ. ಬೇಡ ಅನ್ಸಿದ್ರೆ ಹಾಕ್ಬೇಡಿ ಅನ್ನಿ, ಹುರಿಯೋ ಐಟಮ್ಮಲ್ಲಿ ಬಿಡ್ತಾರೆ, ಮೊದಲೇ ಮಾಡಿಟ್ಟ ಸೂಪು ಸಾಸಲ್ಲಿ ಬಿಡೋಕಾಗಲ್ಲ. ನಾನಂತೂ ಉಪ್ಪಿನ ಬಗ್ಗೆ ಇದಕ್ಕಿಂತ ಜಾಸ್ತಿ ಯೋಚನೆ ಮಾಡ್ತೀನಿ.

ಪ್ರಶ್ನೆ: ಮೇಡಂ, ನಾನು ಒಬ್ನೇ ಇರೋದು, ಹಂಚ್ಕೊಂಡು ತಿನ್ನೋಕೆ ಯಾರೂ ಇಲ್ಲ. ನನಗೆ ಏನು ಹೇಳ್ತೀರಿ?

ಉತ್ತರ: ಒಬ್ಬರಿಗೆ ಅಂತಾನೇ ಮಾಡಿರೋ ಊಟ ಬೇಕಾದಷ್ಟಿದೆ ಕಣಪ್ಪ. ಹಾಂಗ್‌ಕಾಂಗಲ್ಲಿ ಗಾಜಿನ ಹಿಂದೆ ಟ್ರೇ ಸಾಲಾಗಿ ಇಟ್ಟಿರ್ತಾರೆ, ಅದು ಇದು ಅಂತ ಎರಡು ಐಟಂ ಬೆರಳು ತೋರಿಸಿದ್ರೆ ಅನ್ನದ ಮೇಲೆ ಹಾಕಿ ಡಬ್ಬಿ ಕಟ್ಟಿ ಕೊಡ್ತಾರೆ, ಕೋವಿಡ್ ಟೈಮಲ್ಲಿ ಇದು ಎಲ್ಲಾ ಗಲ್ಲಿಗೂ ಹಬ್ಬಿತು. ಸಿಂಗಾಪುರ, ಮಲೇಷ್ಯಾದಲ್ಲಿ ಇದನ್ನೇ ಎಕಾನಮಿ ರೈಸ್ ಅಂತಾರೆ. ಅಲ್ಲಿ ಎರಡು ತರಕಾರಿ ಒಂದು ಮೊಟ್ಟೆ ತಗೊಂಡ್ರೆ ಅಗ್ಗ, ಮೀನು ಸೀಗಡಿ ತೋರಿಸಿದ್ರೆ ರೇಟು ಏರತ್ತೆ. ನಿಮ್ಮ ಕಡೆ ಇಂಥದ್ದು ಇಲ್ಲಾಂದ್ರೆ ಮೆನುವಲ್ಲಿ ರೈಸ್ ಪ್ಲೇಟ್ ಅನ್ನೋ ಭಾಗ ನೋಡಿ, ಒಂದೇ ತಟ್ಟೇಲಿ ಅನ್ನ ಮತ್ತೆ ಮೇಲೆ ಒಂದು ಡಿಶ್.

ಮಾಂಸ ತಿನ್ನೋದಾದ್ರೆ ಕಿಟಕೀಲಿ ಸುಟ್ಟ ಬಾತುಕೋಳಿ ನೇತು ಹಾಕಿರೋ, ದಕ್ಷಿಣ ಚೀನಾದ ಕ್ಯಾಂಟನೀಸ್ ಶೈಲಿಯ ಅಂಗಡಿಗೆ ಹೋಗಿ. ಒಬ್ಬರಿಗಾಗೋಷ್ಟು ಕೊಚ್ಚಿ ಅನ್ನದ ಮೇಲಿಟ್ಟು ಕೊಡ್ತಾರೆ, ಪಕ್ಕದಲ್ಲಿ ಒಂದಿಷ್ಟು ಸೊಪ್ಪು ಕೇಳಿ, ಮಾಂಸದ ರಸ ಅನ್ನದ ಮೇಲೆ ಜಾಸ್ತಿ ಹಾಕಿ ಅಂತಾನೂ ಕೇಳಿ. ಬೆಳಗ್ಗೆ ಸುಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಚರ್ಮ ಇನ್ನೂ ಗರಿಗರಿ ಇರತ್ತೆ, ಸಂಜೆ ಆದ್ರೆ ಮೆತ್ತಗಾಗಿರತ್ತೆ, ಒಳ್ಳೆ ಭಾಗಾನೂ ಖಾಲಿ ಆಗಿರತ್ತೆ, ಅದಕ್ಕೆ ಹನ್ನೆರಡು ಗಂಟೆ ಒಳಗೇ ಹೋಗ್ಬಿಡಿ.