ಹೊಡೆದು ಹಾಕಿದ ಸಾಲು ಎಲ್ಲಿ ಹೋಯಿತು?

ಪತ್ರ: ಮೊದಲು ಕಾಗದದ ಡೈರಿ, ಆಮೇಲೆ ಡಿಜಿಟಲ್ ಡೈರಿ, ಆಮೇಲೆ ಪಾಮ್ ಎಂಬ ಅಂಗೈ ಕಂಪ್ಯೂಟರ್, ಈಗ ಮೊಬೈಲ್. ಪ್ರತಿ ಸಲವೂ ನನ್ನ ಕೆಲಸ ಹಗುರವಾಗಿದೆ. ಇನ್ನೂ ಪೆನ್ನು ಹಿಡಿದು ಡೈರಿ ತುಂಬಿಸುವುದು ಬರೀ ಹಠ ಅಲ್ವಾ, ಸಂಪಾದಕರೇ?

ಉತ್ತರ: ಹಠವೇ ಇರಬಹುದು. ಮೊಬೈಲಿನ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಹುಡುಕಿದ್ದು ತಕ್ಷಣ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ನೆನಪಿಸುತ್ತದೆ. ಡೈರಿಯನ್ನು ಎಲ್ಲೋ ಮರೆತು ಬಂದರೆ ಇಡೀ ವರ್ಷವೇ ಹೋಯಿತು. ಒಪ್ಪಿದೆ.

ಆದರೆ ಆ ಪಾಮ್‌ನಲ್ಲಿ ಬರೆದಿಟ್ಟದ್ದೆಲ್ಲ ಈಗ ಎಲ್ಲಿದೆ? ಅದನ್ನು ನೀವು ಪತ್ರದಲ್ಲಿ ಹೇಳಿಯೇ ಇಲ್ಲ!

ಲಂಡನ್ನಿನ ಜಾನ್ ಲೆಟ್ಸ್ 1812ರಲ್ಲಿ ಡೈರಿ ಅಚ್ಚುಹಾಕಿ ಮಾರಿದ. ಅಂಥದೊಂದು ಇವತ್ತು ಕೈಗೆ ಸಿಕ್ಕರೆ ಸುಮ್ನೆ ಪುಟ ತಿರುಗಿಸಿ ಓದಬಹುದು. 1984ರ ಸಯಾನ್ ಆರ್ಗನೈಸರ್ ಎಂಬ ಜೇಬು ಕಂಪ್ಯೂಟರ್ ಸಿಕ್ಕರೆ? ಅದರದು ಇನ್ನೂ ತಮಾಷೆ. ಅಳಿಸಿದ ಮಾತ್ರಕ್ಕೆ ಜಾಗ ಖಾಲಿಯಾಗುತ್ತಿರಲಿಲ್ಲ. ಬರೆದದ್ದನ್ನು ಇಟ್ಟುಕೊಳ್ಳುವ ಡೇಟಾ ಪ್ಯಾಕ್ ತುಂಬಿದರೆ ಹೊರಗೆ ತೆಗೆದು ಅತಿನೇರಳೆ ಬೆಳಕಿಗೆ ಒಡ್ಡಬೇಕಿತ್ತು. 1993ರಲ್ಲಿ ಬಂದ ಆ್ಯಪಲ್‌ನ ನ್ಯೂಟನ್ ಎಂಬ ಅಂಗೈ ಕಂಪ್ಯೂಟರ್ 1998ಕ್ಕೆ ನಿಂತೇ ಹೋಯಿತು. 1996ರ ಪಾಮ್ ಪೈಲಟ್ ಮೇಲೆ ನನಗೂ ಸ್ವಲ್ಪ ಪ್ರೀತಿ ಇದೆ. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಆದರೂ ಅದಕ್ಕೆ ನಮ್ಮ ಕೈಬರಹ ತಿಳಿಯಲೆಂದು ನಾವೇ ಅಕ್ಷರ ತಿದ್ದಿಕೊಳ್ಳಬೇಕಾಯಿತು. ಇಂಗ್ಲಿಷಿನ ಎ ಬರೆದರೆ ಅಡ್ಡಗೆರೆ ಹಾಕುವಂತಿಲ್ಲ. ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳದೆ ಬ್ಯಾಟರಿ ಪೂರ್ತಿ ಸಾಯಲು ಬಿಟ್ಟರಂತೂ ಬರೆದದ್ದೂ ಹೋಯಿತು.

ನನ್ನ ನಿಜವಾದ ತಕರಾರು ಬೇರೆ. ಡೈರಿಯಲ್ಲಿ ಆಗದ ಕೆಲಸದ ಮೇಲೆ ಗೆರೆ ಎಳೆಯುತ್ತೇವೆ, ಮುಂದಿನ ವಾರದ ಪುಟದಲ್ಲಿ ಮತ್ತೆ ಬರೆಯುತ್ತೇವೆ. ಮತ್ತೆ ಬರೆಯುವಾಗ ಕೈಗೆ ಬೇಸರ, ಮನಸ್ಸಿಗೆ ನಾಚಿಕೆ. ಮೊಬೈಲಿನಲ್ಲಿ ಬೆರಳಲ್ಲಿ ಎಳೆದು ಮುಂದಕ್ಕೆ ಹಾಕಿದರೆ ಮುಗಿಯಿತು, ಮೊದಲು ಯಾವ ದಿನಕ್ಕಿತ್ತು ಎಂಬ ಗುರುತೂ ಎದುರಿಗೆ ಉಳಿಯುವುದಿಲ್ಲ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಳೆಯ ಡೈರಿ ತಿರುವಿಹಾಕುತ್ತಿದ್ದರು. 'ತಮ್ಮನ ಹತ್ತಿರ ಮಾತಾಡಬೇಕು' ಅಂತ ಬರೆದು, ಹೊಡೆದು, ಮತ್ತೆ ಬರೆದದ್ದು ತಿಂಗಳುಗಟ್ಟಲೆ ಸಾಗಿತ್ತು. ನೋಡಿದವರೇ ಎದ್ದು ಹೋಗಿ ಫೋನ್ ಮಾಡಿದರು. ಯಾವ ಅಲಾರಂ ಈ ಕೆಲಸ ಮಾಡೀತು, ಹೇಳಿ.

ಇನ್ನೊಂದು ಮಾತು. ಡೈರಿ ನನ್ನ ಜೇಬಿನಲ್ಲಿದ್ದಾಗ, ನನ್ನ ದಿನ ಬೇಕಾದವರು ನನ್ನನ್ನೇ ಕೇಳಬೇಕಿತ್ತು. ಈಗ ಎಷ್ಟೋ ಕಚೇರಿಗಳಲ್ಲಿ ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರಿಗೆ ತೆರೆದೇ ಇರುತ್ತದೆ. ಖಾಲಿ ಜಾಗ ಕಂಡರೆ ಸಾಕು, ಮೀಟಿಂಗ್ ಬಂದು ಕೂರುತ್ತದೆ. ಖಾಲಿ ಅಂದರೆ ಕೆಲಸವಿಲ್ಲ ಅಂತ ಇವರಿಗೆ ಹೇಳಿದವರು ಯಾರೋ! ನನಗೆ ಗೊತ್ತಿರುವ ಒಬ್ಬರು, ಓದಲು ಹೊತ್ತು ಸಿಗಲಿ ಅಂತ ವಾರಕ್ಕೊಂದು ಸುಳ್ಳು ಮೀಟಿಂಗ್ ಹಾಕಿಕೊಳ್ಳುತ್ತಾರೆ. ಮೊನ್ನೆ ಇಬ್ಬರು ಅದಕ್ಕೂ ತಮ್ಮನ್ನು ಸೇರಿಸಿಕೊಳ್ಳಿ ಅಂತ ಕೇಳಿದರಂತೆ.