ಕ್ಯಾಮೆರಾ ಆಫ್ ಮಾಡುವ ಎರಡನೇ ಕ್ಲಾಸಿನ ಹುಡುಗಿ

(ಓದು, ಮಾತು, ನಡವಳಿಕೆಯಲ್ಲಿ ತೊಂದರೆ ಕಂಡ ಮಕ್ಕಳನ್ನು ನೋಡುವುದು ನನ್ನ ಕೆಲಸ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ.)

ಮುಖ್ಯ ಶಿಕ್ಷಕಿ ಫೋನ್ ಮಾಡಿದ್ದು ಬೇರೆಯದೇ ಅನುಮಾನ ಇಟ್ಟುಕೊಂಡು. "ಮೇಡಂ, ಎರಡನೇ ಕ್ಲಾಸಿನ ಒಂದು ಹುಡುಗಿಗೆ ಕಲಿಕೆಯ ತೊಂದರೆ ಇದೆಯಾ ಅಂತ ನೋಡಬೇಕಿತ್ತು. ಶಾಲೆ ನಡೀತಿದ್ದಾಗ ಚೆನ್ನಾಗಿ ಓದ್ತಿದ್ದಳು. ಈಗ ಕೇಳಿದ್ದಕ್ಕೆ ಉತ್ತರ ಕೊಡಲ್ಲ. ಕ್ಯಾಮೆರಾ ಆಫ್ ಮಾಡ್ತಾಳೆ. ಓದು ಅಂದ್ರೆ ನೆಟ್ ಹೋಯ್ತು ಅಂತಾಳೆ. ನೆಟ್ ಏನೂ ಹೋಗಿರಲ್ಲ."

ಅದು 2020. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಪಿಡುಗು ಅಂತ ಹೇಳಿತು. ಯುನೆಸ್ಕೋ ಲೆಕ್ಕದ ಪ್ರಕಾರ, ಮುಂದಿನ ಕೆಲವೇ ವಾರಗಳಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ 150 ಕೋಟಿಗೂ ಮೀರಿದ ಮಕ್ಕಳು, ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು. ಈ ಶಾಲೆ ತೀರಾ ಚಿಕ್ಕದು. ಒಂದರಿಂದ ಐದನೇ ಕ್ಲಾಸಿನವರೆಗೆ ಮಾತ್ರ, ಕ್ಲಾಸಿಗೆ ಒಬ್ಬರೇ ಟೀಚರ್. ಎರಡನೇ ಕ್ಲಾಸಿನಲ್ಲಿ 16 ಮಕ್ಕಳು. ಬಹಳ ಶಾಲೆಗಳು ಮಾಡಿದ್ದನ್ನೇ ಇವರೂ ಮಾಡಿದ್ದರು. ಇದ್ದ ಟೈಮ್‌ಟೇಬಲ್ ಅನ್ನು ಹಾಗೇ ಎತ್ತಿ ಫೋನಿನೊಳಗೆ ಇಟ್ಟಿದ್ದರು. ದಿನಕ್ಕೆ 40 ನಿಮಿಷದ ನಾಲ್ಕು ಪೀರಿಯಡ್, 16 ಮಕ್ಕಳೂ ಒಟ್ಟಿಗೆ. ಬೇರೆ ದಾರಿ ಯೋಚಿಸೋಕೆ ಅವರಿಗೆ ಪುರುಸೊತ್ತಾದರೂ ಎಲ್ಲಿತ್ತು?

ಏಳು ವರ್ಷದ ಮಗುವಿನ ಬಗ್ಗೆ ಯಾರಾದರೂ "ಕಲಿಕೆಯ ತೊಂದರೆ" ಅಂದಾಗ ನಾನು ಮೊದಲು ಕೇಳುವುದು ಒಂದೇ. ಎಲ್ಲ ಕಡೆಯೂ ಹೀಗೇನಾ, ಇಲ್ಲಾ ಒಂದು ಕಡೆ ಮಾತ್ರಾನಾ? ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ತೊಂದರೆ ಶಾಲೆ ಮುಚ್ಚಿದ ದಿನ ಹುಟ್ಟಿಕೊಳ್ಳುವುದಿಲ್ಲ. ಆರು ತಿಂಗಳ ಹಿಂದೆ ಸರಾಗವಾಗಿ ಓದುತ್ತಿದ್ದವಳು ಈಗ ಓದುತ್ತಿಲ್ಲ ಅಂದರೆ, ಬದಲಾಗಿದ್ದು ಏನು ಅಂತ ಹುಡುಕಬೇಕು.

ಮೊದಲ ವಿಡಿಯೊ ಭೇಟಿಯಲ್ಲಿ ಪುಟ್ಟಿಯ ಜೊತೆ ಅಮ್ಮನೂ ಕೂತಿದ್ದರು. ನಾನು "ನಿಂಗೆ ಯಾವ ಬಣ್ಣ ಇಷ್ಟ?" ಅಂತ ಕೇಳಿದೆ. "ಹಳದಿ ಅನ್ನು, ಹಳದಿ" ಅಂದರು ಅಮ್ಮ. "ಹಳದಿ" ಅಂದಳು ಪುಟ್ಟಿ. ಮುಂದಿನ ಪ್ರಶ್ನೆಗಳೂ ಹೀಗೇ ನಡೆದವು. ಅಮ್ಮ ಬೇಕಂತ ಮಾಡುತ್ತಿರಲಿಲ್ಲ. ಮಗು ಎರಡು ಕ್ಷಣ ಸುಮ್ಮನಿದ್ದರೆ ಅವರಿಗೆ ತಡೆಯುವುದಕ್ಕೇ ಆಗುತ್ತಿರಲಿಲ್ಲ.

ಟೀಚರ್ ಮತ್ತು ಮನೆಯವರ ಒಪ್ಪಿಗೆ ಪಡೆದು ಒಂದು ಗಣಿತದ ಕ್ಲಾಸಿನಲ್ಲಿ ಸುಮ್ಮನೆ ಕೂತೆ. ಟೀಚರ್ 47ರಲ್ಲಿ 19 ಕಳೆಯಲು ಕೊಟ್ಟು ಪುಟ್ಟಿಯ ಹೆಸರು ಕರೆದರು. ಆಗ ಅವಳ ಕಣ್ಣು ನೋಡಬೇಕಿತ್ತು. ಪುಸ್ತಕಕ್ಕೆ ಹೋಗಲಿಲ್ಲ, ಟೀಚರ್ ಕಡೆಗೂ ಹೋಗಲಿಲ್ಲ. ನೇರ ಎಡಕ್ಕೆ, ಪರದೆಯ ಆಚೆ ಹೋಯಿತು. ಅಲ್ಲಿಂದ ಪಿಸುಗುಟ್ಟುವ ದನಿ ಕೇಳಿಸಿತು. ಪುಟ್ಟಿ "ಮೂವತ್ತ..." ಅಂತ ಶುರು ಮಾಡಿದಳು. ಎಡಗಡೆಯ ದನಿ ಸ್ವಲ್ಪ ಜೋರಾಗಿ "ದಶಕ ಕೊಟ್ಟಿದ್ದೀಯಲ್ಲ, ನೋಡು" ಅಂದಿತು. ಹಿಂದಿನಿಂದ ಇನ್ಯಾರೋ "ಇಪ್ಪತ್ತೆಂಟು, ಪುಟ್ಟಿ" ಅಂದರು. ಅದು ಅಜ್ಜಿ. ಇದೆಲ್ಲ ಕ್ಲಾಸಿನಲ್ಲಿದ್ದ ಉಳಿದ ಮನೆಗಳಿಗೂ ಕೇಳಿಸಿತು. ಪುಟ್ಟಿಯ ಹೆಬ್ಬೆರಳು ಮೈಕಿನ ಗುರುತಿನ ಮೇಲೆ ಬಂತು. ಮ್ಯೂಟ್, ಅನ್‌ಮ್ಯೂಟ್, ಮತ್ತೆ ಮ್ಯೂಟ್. ಆಮೇಲೆ ಪರದೆ ಕಪ್ಪಾಯಿತು.

ಎರಡನೇ ಭೇಟಿಗೆ ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಇರಲು ಕೇಳಿಕೊಂಡೆ. ಪುಟ್ಟಿಗೆ ಫೋನನ್ನು ಕೈಯಲ್ಲಿ ಹಿಡಿದು ಮನೆ ತೋರಿಸು ಅಂದೆ. ಚಿಕ್ಕ ಮಕ್ಕಳನ್ನು ಪರದೆಯ ಮುಂದೆ ಕೂರಿಸಿ "ನಿಂಗೆ ಹೇಗನ್ನಿಸುತ್ತೆ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. ಓಡಾಡಿಸಿದರೆ ಬಾಯಿ ಬಿಡುತ್ತವೆ. ಕ್ಲಾಸಿಗೆ ಕೂರುವ ಮೇಜಿನ ಹತ್ತಿರ ಬಂದಾಗ ಯಾರ್ಯಾರು ಎಲ್ಲಿರುತ್ತಾರೆ ಅಂತ ಕೇಳಿದೆ. "ಅಮ್ಮ ಇಲ್ಲಿ. ಅಜ್ಜಿ ಆ ಕುರ್ಚಿ. ಅಪ್ಪ ಒಳಗೆ ಕೆಲಸ ಮಾಡ್ತಾರೆ, ಆದ್ರೆ ಕೇಳಿಸುತ್ತೆ. ಆಮೇಲೆ ನಾನೂ ಇರ್ತೀನಿ, ಸಣ್ಣ ಬಾಕ್ಸಲ್ಲಿ. ತಪ್ಪು ಹೇಳಿದ್ರೆ ನನ್ ಮುಖ ಕೆಂಪಾಗೋದು ನಂಗೇ ಕಾಣ್ಸುತ್ತೆ ಆಂಟಿ."

ಇಷ್ಟು ಹೇಳಿ ಅವಳು ಮೇಜಿನ ಕೆಳಗೆ ನುಗ್ಗಿದಳು. ಅಲ್ಲಿ ಒಂದು ಬಟ್ಟೆಯ ಕರಡಿ ಇತ್ತು. ಕರಡಿಗೆ ದಿನಾ ಕಥೆ ಓದಿ ಹೇಳುತ್ತಾಳಂತೆ. ನನಗೂ ಒಂದು ಪುಟ ಓದಿದಳು. ಎರಡು ಕಡೆ ಎಡವಿದಳು, ತಾನೇ ಸರಿಮಾಡಿಕೊಂಡಳು. ಎರಡನೇ ಕ್ಲಾಸಿಗೆ ಆ ಓದು ಸಾಕು. ಜಾಸ್ತಿಯೇ.

ಶಾಲೆಯ ಕ್ಲಾಸಿನಲ್ಲಿ ತಪ್ಪು ಉತ್ತರಕ್ಕೆ ಆಯುಸ್ಸು ಕಡಿಮೆ. ಒಬ್ಬರು ತಪ್ಪು ಹೇಳುವಷ್ಟರಲ್ಲಿ ಇನ್ನೊಬ್ಬರು ಕೈ ಎತ್ತಿರುತ್ತಾರೆ, ಹಿಂದಿನ ಬೆಂಚಿನಲ್ಲಿ ಪೆನ್ಸಿಲ್ ಬಿದ್ದಿರುತ್ತದೆ, ಟೀಚರ್ ಮುಂದೆ ಹೋಗಿರುತ್ತಾರೆ. ಸಂಜೆ ಮನೆಗೆ ಬರುವ ಹೊತ್ತಿಗೆ ಆ ತಪ್ಪು ಎಲ್ಲೂ ಇರುವುದಿಲ್ಲ. ಮನೆಯಿಂದ ಕಲಿಯುವಾಗ ಹಾಗಲ್ಲ. ತಪ್ಪು ಹೇಳಿದ ಜಾಗದಲ್ಲೇ ಅಮ್ಮ, ಅಪ್ಪ, ಅಜ್ಜಿ ಇದ್ದಾರೆ. ಕ್ಲಾಸ್ ಮುಗಿದ ಮೇಲೂ ಅದರ ಚರ್ಚೆ ನಡೆಯುತ್ತದೆ. ಮಕ್ಕಳು ಕಲಿಯುವುದೇ ತಪ್ಪು ಮಾಡಿಕೊಂಡು. ಅದಕ್ಕೆ ಜಾಗ ಇಲ್ಲ ಅಂದರೆ ಜಾಣ ಮಗು ಏನು ಮಾಡುತ್ತದೆ? ಉತ್ತರ ಕೊಡುವುದನ್ನೇ ಬಿಡುತ್ತದೆ. ಪುಟ್ಟಿ ಮಾಡಿದ್ದೂ ಇಷ್ಟೇ.

ತನ್ನ ಮುಖ ತಾನೇ ನೋಡಿಕೊಳ್ಳುವ ಕಷ್ಟ ಬರೀ ಪುಟ್ಟಿಯದ್ದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕರೆಗಳ ದಣಿವಿಗೆ ನಾಲ್ಕು ಕಾರಣ ಮುಂದಿಟ್ಟರು. ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಸದಾ ಕಾಣುವ ನಮ್ಮದೇ ಮುಖ, ಅಲ್ಲಾಡದೆ ಕೂರಬೇಕಾದ ಕಟ್ಟು, ಸನ್ನೆಗಳನ್ನು ಅರ್ಥ ಮಾಡಿಕೊಳ್ಳಲು ಬೀಳುವ ಹೆಚ್ಚಿನ ಹೊರೆ. ಅವರ ಮನಸ್ಸಿನಲ್ಲಿ ಇದ್ದದ್ದು ಮುಖ್ಯವಾಗಿ ಮೀಟಿಂಗ್ ಮಾಡುವ ದೊಡ್ಡವರು. ದೊಡ್ಡವರಿಗೇ ಹೀಗಾದರೆ ಏಳು ವರ್ಷದವರ ಗತಿ ಏನು, ಅಲ್ವಾ?

ಮಾತಿನ ಸರದಿಯದೂ ಒಂದು ಕಷ್ಟ. ಎದುರಾಎದುರು ಮಾತಾಡುವಾಗ ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವೆ ಇರುವ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನದಲ್ಲಿ ಇದು ಕಂಡಿತ್ತು. ವಿಡಿಯೊದಲ್ಲಿ ದನಿ ತಡವಾಗಿ ಬರುವುದರಿಂದ ಈ ಲಯ ತಪ್ಪುತ್ತದೆ. ಮಗು ಯೋಚಿಸುತ್ತಿದೆಯೋ, ಪ್ರಶ್ನೆಯೇ ಕೇಳಿಸಿಲ್ಲವೋ ಅಂತ ಟೀಚರಿಗೂ ತಿಳಿಯುವುದಿಲ್ಲ, ಅಮ್ಮನಿಗೂ ತಿಳಿಯುವುದಿಲ್ಲ. ಆ ಖಾಲಿಯನ್ನು ಯಾರೋ ಒಬ್ಬರು ತುಂಬಿಬಿಡುತ್ತಾರೆ.

ಅಮ್ಮನ ಜೊತೆ ಬೇರೆಯಾಗಿ ಮಾತಾಡಿದೆ. ಅವರ ಕಣ್ಣಲ್ಲಿ ಇದು ಮಗಳ ಪರೀಕ್ಷೆ ಅಲ್ಲ, ತಮ್ಮದೇ ಪರೀಕ್ಷೆ. "ಬೇರೆ ಅಮ್ಮಂದಿರು ಎಲ್ಲ ನೋಡ್ತಾ ಇರ್ತಾರೆ ಮೇಡಂ. ಕ್ಲಾಸ್ ಮುಗಿದ ಮೇಲೆ ಒಬ್ಬರು ಮೆಸೇಜ್ ಮಾಡಿದ್ರು, ಪುಟ್ಟಿಗೆ ಹುಷಾರಿಲ್ವಾ ಅಂತ. ಅದರ ಅರ್ಥ ನಂಗೆ ಗೊತ್ತಾಗಲ್ವಾ?" ಇವರನ್ನು ಬೈದು ಉಪಯೋಗವಿಲ್ಲ. ಮಗಳು ಎಲ್ಲರೆದುರು ತಪ್ಪು ಹೇಳದ ಹಾಗೆ ಕಾಯುತ್ತಿದ್ದೇನೆ ಅಂತಲೇ ಅವರು ನಂಬಿದ್ದರು.

ಟೀಚರ್ ಕಥೆಯೂ ದೂರದ್ದೇನಲ್ಲ. ಒಂದು ದಿನ ಯಾವುದೋ ಮಗುವಿನ ಅಪ್ಪ ಮೈಕ್ ಆನ್ ಮಾಡಿ, "ಟೀಚರ್, ಈ ಲೆಕ್ಕ ಹೀಗೆ ಮಾಡಿದ್ರೆ ಸುಲಭ" ಅಂದಿದ್ದರಂತೆ. ಅಂದಿನಿಂದ ಟೀಚರ್ ಅಭ್ಯಾಸ ಮಾಡಿದ್ದಷ್ಟನ್ನೇ ಪಾಠ ಮಾಡುತ್ತಿದ್ದರು. ಬೇಗ ಉತ್ತರ ಕೊಡುವ ಮೂರು ನಾಲ್ಕು ಮಕ್ಕಳನ್ನೇ ಜಾಸ್ತಿ ಕೇಳುತ್ತಿದ್ದರು. ಆ ಕ್ಲಾಸಿನಲ್ಲಿ ತಪ್ಪು ಮಾಡಲು ಟೀಚರಿಗೂ ಜಾಗ ಇರಲಿಲ್ಲ.

ಮನೆಗೆ ಕೊಟ್ಟ ಸಲಹೆ ಸಣ್ಣದು, ಪಾಲಿಸುವುದು ಕಷ್ಟ. ಕ್ಲಾಸ್ ಶುರುವಾಗುವ ಮುಂಚೆ ಅಮ್ಮ ಬಂದು ಲಿಂಕ್ ತೆರೆದುಕೊಡಲಿ, ಚಾರ್ಜ್ ನೋಡಲಿ, ಪುಸ್ತಕ ಇಡಲಿ. ಪುಟ್ಟಿಯ ಮುಖ ಅವಳಿಗೇ ಕಾಣದ ಹಾಗೆ ಸ್ವಂತ ವಿಡಿಯೊವನ್ನು ಮರೆಮಾಡಲಿ. ಆಮೇಲೆ ಎದ್ದು ಹೋಗಲಿ. ಮಗು ಕರೆದರೆ ಕೇಳಿಸಬೇಕು, ಆದರೆ ಮಗುವಿನ ಕಣ್ಣಿಗೆ ಬೀಳಬಾರದು. ಏಳು ವರ್ಷದ ಮಗುವನ್ನು ನೆಟ್ ಜೊತೆ ಒಂಟಿಯಾಗಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೇಜನ್ನು ತಿರುಗಿಸಿ, ಪುಟ್ಟಿಯ ಬೆನ್ನು ಗೋಡೆಗೆ ಬರುವ ಹಾಗೆ ಮಾಡಿಸಿದೆವು. ಆಗ ಹಿಂದೆ ಯಾರು ಓಡಾಡುತ್ತಾರೋ ಅನ್ನುವ ಅಳುಕು ಇರುವುದಿಲ್ಲ, ಅವರು ಉಳಿದವರ ಪರದೆಯಲ್ಲೂ ಕಾಣುವುದಿಲ್ಲ. ಅಪ್ಪನಿಗೆ ಇಯರ್‌ಫೋನ್. ಕ್ಲಾಸ್ ಮುಗಿದ ಮೇಲೆ "ಆ ಲೆಕ್ಕ ಯಾಕೆ ಬರಲಿಲ್ಲ?" ಅನ್ನುವ ಮಾತು ಬೇಡವೇ ಬೇಡ. ಕೇಳಲೇಬೇಕು ಅನ್ನಿಸಿದರೆ ಇವತ್ತು ಯಾರು ನಗಿಸಿದರು ಅಂತ ಕೇಳಿ ಅಂದೆ.

ಅಜ್ಜಿ ಒಪ್ಪಲಿಲ್ಲ. "ನಮ್ ಮಗೂಗೆ ನಾವ್ ಹೇಳಿಕೊಡಬಾರದಾ?" ಅಂದರು. ಅವರಿಗೆ ಬೇಡ ಅನ್ನುವುದಕ್ಕಿಂತ ಕೆಲಸ ಕೊಡುವುದು ವಾಸಿ ಅನ್ನಿಸಿತು. ಸಂಜೆ ಪುಟ್ಟಿ ಒಂದು ಪುಟ ಓದುವುದು, ಅಜ್ಜಿ ಕೇಳುವುದು. ತಿದ್ದುವ ಹಾಗಿಲ್ಲ. ಕಥೆ ಅರ್ಥವಾಗದಿದ್ದರೆ ಮಾತ್ರ ಪುಟ್ಟಿಯನ್ನು ಕೇಳಬಹುದು. ಬೆಳಗಿನ ಕುರ್ಚಿ ತಾನಾಗಿಯೇ ಖಾಲಿಯಾಯಿತು.

ಶಾಲೆಗೆ ಹೇಳಿದ್ದು ಸ್ವಲ್ಪ ಜಾಸ್ತಿ. 16 ಮಕ್ಕಳನ್ನು ಒಟ್ಟಿಗೆ 40 ನಿಮಿಷದ ನಾಲ್ಕು ಪೀರಿಯಡ್ ಕೂರಿಸುವ ಬದಲು ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೆ ದಿನಕ್ಕೆ ಎರಡು ಸಲ 20 ನಿಮಿಷ ಕೊಡಿ ಅಂದೆ. ಟೀಚರ್ ಕೂರುವ ಸಮಯ ಜಾಸ್ತಿಯಾಗುವುದಿಲ್ಲ, ಮಕ್ಕಳ ಪರದೆಯ ಸಮಯ ಇಳಿಯುತ್ತದೆ. ಒಬ್ಬರ ಹೆಸರು ಕರೆದು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. ಪ್ರಶ್ನೆ ಎಲ್ಲರಿಗೂ. ಎಲ್ಲರೂ ಸ್ಲೇಟಿನ ಮೇಲೋ ಹಾಳೆಯ ಮೇಲೋ ಬರೆಯಲಿ, "ತೋರಿಸಿ" ಅಂದಾಗ ಒಟ್ಟಿಗೆ ಎತ್ತಲಿ. ಟೀಚರಿಗೆ ಯಾರಿಗೆ ಬಂದಿಲ್ಲ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ, ಉಳಿದವರ ಗಮನ ತಮ್ಮ ಸ್ಲೇಟಿನ ಮೇಲೇ ಇರುತ್ತದೆ. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡ್ ಸುಮ್ಮನಿರಿ ಅಂತಲೂ ಹೇಳಿದೆ. ಇದು ನನ್ನ ಮಾತಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದು. ಟೀಚರುಗಳು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡ್ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಗೊತ್ತಿಲ್ಲ ಅನ್ನುವುದು ಕಡಿಮೆಯಾಯಿತು. ವಿಡಿಯೊ ಕ್ಲಾಸಿಗೆ ಮೂರೂ ಸಾಲದು, ಐದು ಇರಲಿ.

ಎಲ್ಲರೂ ಒಟ್ಟಿಗೆ ಪದ್ಯ ಹೇಳುವುದನ್ನು ಮೈಕ್ ಬಂದ್ ಮಾಡಿಯೇ ಮಾಡಿಸಿ. ದನಿಗಳು ಹಿಂದೆ ಮುಂದೆ ಬಂದು ಗದ್ದಲವಾಗುತ್ತದೆ, ಮಕ್ಕಳು ಸುಸ್ತಾಗುತ್ತಾರೆ. ಗಟ್ಟಿಯಾಗಿ ಓದುವುದನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಲಿ. ಬೇಕಾದಷ್ಟು ಸಲ ಅಳಿಸಿ, ಮತ್ತೆ ಓದಿ, ತನಗೆ ಸರಿ ಅನ್ನಿಸಿದ್ದನ್ನು ಮಗು ಟೀಚರಿಗೆ ಮಾತ್ರ ಕಳಿಸಬಹುದು. ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಹಗಲೆಲ್ಲ ಅಪ್ಪನ ಜೊತೆ ಹೊರಗೆ ಹೋಗುವ ಮಕ್ಕಳೂ ಈ ಕ್ಲಾಸಿನಲ್ಲಿ ಇದ್ದರು. ಅವರಿಗೆ ಇದೇ ದೊಡ್ಡ ಅನುಕೂಲವಾಯಿತು. ಸಂಜೆ ಫೋನ್ ಬಂದ ಮೇಲೆ ಕಳಿಸುತ್ತಿದ್ದರು.

ಕಡೆಯದಾಗಿ, ವಾರಕ್ಕೊಮ್ಮೆ ಟೀಚರ್ ಪ್ರತಿ ಮಗುವಿಗೆ ಐದು ನಿಮಿಷ ಫೋನ್ ಮಾಡಲಿ ಅಂದೆ. ವಿಡಿಯೊ ಬೇಡ, ಪಾಠವೂ ಬೇಡ, ಸುಮ್ನೆ ಮಾತು. 16 ಮಕ್ಕಳಿಗೆ 80 ನಿಮಿಷ. ದೊಡ್ಡ ಶಾಲೆಗೆ ಇದು ಆಗುವ ಮಾತಲ್ಲ. ಚಿಕ್ಕ ಶಾಲೆ ದೊಡ್ಡ ಶಾಲೆಯ ಹಾಗೆ ಕಾಣಿಸಿಕೊಳ್ಳಲು ಹೋಗಿ ಇಂಥ ಅನುಕೂಲವನ್ನೇ ಮರೆತುಬಿಡುತ್ತದೆ. ಪೋಷಕರಿಗೆ ಏನಾದರೂ ಹೇಳುವುದಿದ್ದರೆ ಅದಕ್ಕೆ ಬೇರೆ ಹೊತ್ತು, ಕ್ಲಾಸಿನ ನಡುವೆ ಅಲ್ಲ. ಇದನ್ನು ಟೀಚರ್ ಹೇಳುವುದಲ್ಲ, ಮುಖ್ಯ ಶಿಕ್ಷಕಿಯೇ ಹೇಳಬೇಕು ಅಂತ ಒತ್ತಿ ಹೇಳಿದೆ. ಹೇಳಿದರು ಕೂಡ.

ಬದಲಾವಣೆ ಒಂದೇ ಸಲಕ್ಕೆ ಬರಲಿಲ್ಲ. ಮೊದಲ ವಾರ ಅಮ್ಮ ಬಾಗಿಲ ಹಿಂದೆ ನಿಂತಿರುತ್ತಿದ್ದರು. "ಮೇಡಂ, ಉತ್ತರ ನಂಗೆ ಗೊತ್ತಿರುತ್ತೆ, ಬಾಯಿ ಕಟ್ಟಿಕೊಂಡು ನಿಲ್ಲೋದು ಎಷ್ಟು ಕಷ್ಟ ಗೊತ್ತಾ?" ಅಂದರು. ಗೊತ್ತು ಅಂದೆ. ಆ ಹೊತ್ತಿಗೆ ಮನೆಯ ಹೊರಗೆ ಏನಾದರೂ ಕೆಲಸ ಇಟ್ಟುಕೊಳ್ಳಿ, ಅಪ್ಪ, ಅಜ್ಜಿ ಒಳಗೆ ಇದ್ದೇ ಇರುತ್ತಾರಲ್ಲ ಅಂದೆ. ಪುಟ್ಟಿ ಎರಡನೇ ವಾರವೂ ಕ್ಯಾಮೆರಾ ಆಫ್ ಮಾಡಿದ್ದಳು. ಟೀಚರ್ ಕೇಳಲಿಲ್ಲ, ಕೇಳಬೇಡಿ ಅಂತ ನಾನೇ ಹೇಳಿದ್ದೆ. ಸ್ಲೇಟ್ ತೋರಿಸುವಾಗ ಮಾತ್ರ ಆನ್ ಆಗುತ್ತಿತ್ತು. ನಿಧಾನಕ್ಕೆ ಆನ್ ಇರುವ ಹೊತ್ತು ಹೆಚ್ಚಿತು. ಆಮೇಲೊಂದು ದಿನ ಅವಳು ತಪ್ಪು ಉತ್ತರ ತೋರಿಸಿದಾಗ ಟೀಚರ್ "ಇದನ್ನ ಹೇಗೆ ಮಾಡಿದೆ ಹೇಳು" ಅಂದರು. ಪುಟ್ಟಿ ಪೂರ್ತಿ ವಿವರಿಸಿದಳು, ಅರ್ಧ ದಾರಿಯಲ್ಲಿ ತಪ್ಪು ತಾನೇ ಕಂಡುಹಿಡಿದು "ಅಯ್ಯೋ" ಅಂತ ಅಳಿಸಿದಳು. ಟೀಚರ್ ಇದನ್ನು ನನಗೆ ಫೋನ್ ಮಾಡಿ ಹೇಳಿದರು.

ಬರವಣಿಗೆ ಮಾತ್ರ ಹಿಂದೆ ಬಿತ್ತು. ಪುಟ್ಟಿಯದ್ದಷ್ಟೇ ಅಲ್ಲ, ಕ್ಲಾಸಿನ ಬಹಳ ಮಕ್ಕಳದ್ದು. ಪೆನ್ಸಿಲ್ ಹಿಡಿತ, ಅಕ್ಷರದ ಸುತ್ತು ಇವನ್ನು ಪರದೆಯಲ್ಲಿ ತಿದ್ದುವುದು ಕಷ್ಟ. ಶಾಲೆ ತೆರೆದ ಮೇಲೆ ಅದಕ್ಕೆ ಸಮಯ ಇಡಿ, ಈಗ ಮನೆಯಲ್ಲಿ ಅದಕ್ಕಾಗಿ ಜಗಳ ಬೇಡ ಅಂದೆ.

ಇಂಥದ್ದೇ ಮಗು ನಿಮ್ಮ ಮನೆಯಲ್ಲೋ ಕ್ಲಾಸಿನಲ್ಲೋ ಇದ್ದರೆ, ಮೊದಲು ಅದು ಯಾರೂ ನೋಡದಿರುವಾಗ ಏನು ಮಾಡುತ್ತದೆ ಅಂತ ಗಮನಿಸಿ. ಆಟದಲ್ಲಿ ಮಾತಾಡುತ್ತಾ, ಗೊಂಬೆಗೆ ಓದಿ ಹೇಳುತ್ತಾ, ಅಂಗಳದಲ್ಲಿ ಲೆಕ್ಕ ಹಾಕುತ್ತಾ ಇದ್ದರೆ ಜಾಗವನ್ನು ಬದಲಿಸಿ ನೋಡಿ. ಎಲ್ಲ ಕಡೆಯೂ ಓದು ಬರುತ್ತಿಲ್ಲ, ಮನೆಯವರ ಜೊತೆಯೂ ಮಾತು ನಿಂತಿದೆ, ನಿದ್ದೆ ಕೆಟ್ಟಿದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದಿದೆ ಅಂದರೆ ಕಾಯಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನಶ್ಶಾಸ್ತ್ರಜ್ಞರನ್ನೋ ಕಾಣಿ.